ಈ ವರ್ಷ ಬಿದ್ದುಹೋದ ಪ್ರಶ್ನೆ

ಕೊಪ್ಪಳ ಸೀಮೆ,
ಇಸವಿ ೨೧೮೭, ಎರಡನೆಯ ಬೇಸಿಗೆಯ ನಡುವಿನ ವಾರ

ಹಿಂದಿನ ಕಾಲದ ಹಿರಿಯರಿಗೆ ನಮಸ್ಕಾರ.

ನನ್ನ ಅಕ್ಷರ ಸೊಟ್ಟ, ಒತ್ತಕ್ಷರಗಳೂ ತಪ್ಪುತ್ತವೆ. ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವಳು, ಕ್ಷಮಿಸಿರಿ. ನಮ್ಮ ಕೆಲವು ಮಾತು ನಿಮಗೆ ಹೊಸವಾದಾವು, ಬಂದಲ್ಲಿ ತಿಳಿಸುತ್ತೇನೆ. ನನ್ನ ಹೆಸರು ಗಾಳೆವ್ವ. ನಾನೊಬ್ಬ ಮನೆಸುತ್ತಿ, ಎಂದರೆ ಮನೆ ಮನೆಗೆ ಹೋಗಿ ಜ್ವರದವರನ್ನು, ಬಸುರಿ ಬಾಣಂತಿಯರನ್ನು ನೋಡಿಕೊಳ್ಳುವವಳು.

ನಮಗೆ ಈಗ ವರ್ಷಕ್ಕೆ ಎರಡು ಬೇಸಿಗೆ. ಊರ ಸುತ್ತ ಬಿಸಿಲಿನಿಂದ ಕರೆಂಟು ಮಾಡುವ ಹಲಗೆಗಳ ಸಾಲು. ಹೆಂಗಸರು ಅವುಗಳ ಧೂಳು ಒರೆಸುತ್ತಾರೆ. ನೆತ್ತಿಯ ಮೇಲೂ ಬಿಸಿಲು, ಹಲಗೆಯಿಂದ ಮುಖಕ್ಕೂ ಬಿಸಿಲು. ಹಾಗೆ ದುಡಿಯುವ ಬಸುರಿಯರಲ್ಲಿ ಕೆಲವರಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗುತ್ತಿದೆ. ನನ್ನ ಅಕ್ಕ ಹುಲಿಗೆವ್ವನೂ ಅದೇ ಕೆಲಸದವಳು, ಈಗ ಐದು ತಿಂಗಳ ಬಸುರಿ.

ಜಿಲ್ಲೆಯಲ್ಲಿರುವ ಜನ, ಉಪಕರಣ ವರ್ಷಕ್ಕೆ ಒಂದೇ ಸಂಶೋಧನೆಗೆ ಸಾಲುತ್ತವೆ. ಯಾವುದು ಮೊದಲು ಎಂಬುದನ್ನು ಸಂಶೋಧಕರು, ನರ್ಸುಗಳು, ಮನೆಸುತ್ತಿಯರು ಕೂಡಿ ಕುಳಿತು ಗೊತ್ತು ಮಾಡುತ್ತೇವೆ. ಅಲ್ಲೊಂದು ಪದ್ಧತಿಯಿದೆ, ಬಾಯಿಬದಲು ಎನ್ನುತ್ತೇವೆ. ಸಂಶೋಧಕರ ಪ್ರಶ್ನೆಯ ಪರವಾಗಿ ನಾವು ಮಾತಾಡಬೇಕು, ನಮ್ಮ ಪ್ರಶ್ನೆಯ ಪರವಾಗಿ ಅವರು. ಅದಕ್ಕಾಗಿ ಮೊದಲು ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಜೊತೆಯಾಗಿ ತಿರುಗಬೇಕು.

ಈ ಸಲ ನನ್ನ ಜೋಡಿ ಸಂಶೋಧಕಿ ಶಾಕಿರಾ ಮೇಡಂ. ಅವರು ನನ್ನೊಡನೆ ಹಲಗೆಗಳ ನಡುವೆ ಓಡಾಡಿದರು. ಶಾಖ ಎಷ್ಟಾದಾಗ ಬಸುರಿಯನ್ನು ಕೆಲಸದಿಂದ ಎಬ್ಬಿಸಬೇಕು ಎಂಬುದು ನಮ್ಮ ಪ್ರಶ್ನೆ. ನಾನು ಅವರೊಡನೆ ನೆಲದಡಿಯ ಮನೆಗಳಿಗೆ ಹೋದೆ. ಸೆಕೆ ತಾಳದೆ ಜನ ಅಗೆದು ಕಟ್ಟಿಕೊಂಡ ಮನೆಗಳು ಅವು. ಅಲ್ಲಿನ ಮಕ್ಕಳ ಬಿಡದ ಕೆಮ್ಮು ಏತರಿಂದ ಎಂಬುದು ಅವರ ಪ್ರಶ್ನೆ. ತುಟಿ ನೀಲಿಗಟ್ಟುವಂತೆ ಕೆಮ್ಮಿದ ಒಂದು ಕೂಸು ನನ್ನ ಮಡಿಲಲ್ಲೇ ನಿದ್ದೆ ಹೋಯಿತು.

ಕೂಟದ ದಿನ ಮೇಡಂ ನಮ್ಮ ಪ್ರಶ್ನೆಯನ್ನು ತಮ್ಮದೇ ಎಂಬಂತೆ ಮಂಡಿಸಿದರು. ನನ್ನ ಸರದಿ ಬಂತು. ಅರ್ಧಂಬರ್ಧ ಹೇಳಿ ಕುಳಿತುಬಿಟ್ಟರೆ ನಮ್ಮ ಪ್ರಶ್ನೆಯೇ ಗೆದ್ದು ಅಕ್ಕನಿಗೆ ಒಳ್ಳೆಯದಾಗುತ್ತಿತ್ತು. ಆದರೆ ಆ ಕೂಸಿನ ಉಬ್ಬಸ ಇನ್ನೂ ಕಿವಿಯಲ್ಲಿತ್ತು. ಕಂಡದ್ದನ್ನೆಲ್ಲ ಹೇಳಿದೆ. ಕೈ ಎತ್ತಿಸಿದಾಗ ಕೆಮ್ಮಿನ ಪ್ರಶ್ನೆಗೇ ಹೆಚ್ಚು ಕೈ ಎದ್ದವು.

ನಾನು ಮನೆಗೆ ಬರುವಷ್ಟರಲ್ಲಿ ಅಕ್ಕನಿಗೆ, ಕೂಸಿನ ಕಥೆಯೂ ಸೇರಿ, ಸುದ್ದಿ ಮುಟ್ಟಿತ್ತು.

"ಮನ್ಯಾಗ ಇನ್ನೊಂದ್ ರೊಟ್ಟಿ ಕೇಳಾಕ ಬಾಯಿ ಬರಂಗಿಲ್ಲ ನಿನಗ. ಅಷ್ಟು ಮಂದ್ಯಾಗ ಭಾಷಣ ಮಾಡಿ ಬಂದ್ಯಾ?" ಎಂದಳು. ಅವಳು ನನ್ನ ಕೈ ಹಿಡಿದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. "ಇದಕ್ಕ ನೀನ ಹೇಳು, ಮುಂದಿನ ವರ್ಷದ ತನಕ ತಡಕೊ ಅಂತ." ಆಮೇಲೆ ತಾನೇ ಕೇಳಿದಳು, "ಆ ಕೂಸು ಈಗ ಹೆಂಗೈತಿ?"

ಹಿರಿಯರೇ, ನಿಮ್ಮ ಕಾಲದಲ್ಲೂ ಬಸುರಿಯರು ಬಿಸಿಲಲ್ಲಿ ದುಡಿಯುತ್ತಿದ್ದರಂತೆ. ಓದಿ ಹುಡುಕುವವರನ್ನೂ ಮನೆ ಮನೆ ತಿರುಗುವವರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿರಿ. ನಮ್ಮಲ್ಲಿ ಬಿದ್ದುಹೋದ ಈ ಪ್ರಶ್ನೆಯನ್ನು ನೀವು ಎತ್ತಿಕೊಳ್ಳಿರಿ. ನೀವು ಈಗ ಕೇಳಿದರೆ ಉತ್ತರ ಅಕ್ಕನ ಹೊತ್ತಿಗೆ ಇಲ್ಲಿರುತ್ತದೆ.

ಇಂದು ಬೆಳಿಗ್ಗೆ ನಾನು, ಅಕ್ಕ ಒರೆಸುವ ಹಲಗೆಗಳ ಸಾಲಿನ ಪಕ್ಕ, ಎರಡು ಕಂಬಗಳ ನಡುವೆ, ನೆನೆಸಿದ ಗೋಣಿತಟ್ಟು ಕಟ್ಟಿ ನೆರಳು ಮಾಡಿದೆ. ಇನ್ನೊಂದು ತುದಿಯನ್ನು ಶಾಕಿರಾ ಮೇಡಂ ಹಿಡಿದಿದ್ದರು.