ಡಬ್ಬಿಯಲ್ಲೇ ಉಳಿದ ಸಿಮ್

ಪುಟ್ಟೂ,

ಎದ್ದ ಕೂಡಲೇ ಇದನ್ನು ಓದಿ ಹರಿದುಹಾಕು. ಅತ್ತೆಯ ಕೈಗೆ ಸಿಗಬಾರದು.

ನಿಮ್ಮಣ್ಣನ ಹೊರದೇಶದ ಸಿಮ್ ಗುಂಡಿ ಡಬ್ಬಿಯಲ್ಲೇ ಇದೆ, ರಟ್ಟಿಗೆ ಟೇಪು ಹಚ್ಚಿಟ್ಟ ಹಾಗೇ. ಅಂಗಿಗೆ ಗುಂಡಿ ಹುಡುಕುವಾಗ ಈಗಷ್ಟೇ ಕಂಡಿತು. ಪ್ರತಿ ಸಲ ಹೊಸ್ತಿಲು ದಾಟುವ ಮೊದಲೇ ಸಿಮ್ ಬದಲಾಯಿಸಿ, ಇಲ್ಲಿನದನ್ನು ಡಬ್ಬಿಗೆ ಹಾಕುವವರು ಈ ಸಲ ಮರೆತೇ ಹೋಗಿದ್ದಾರೆ. ಇಲ್ಲಿನ ನಂಬರು ಅವರು ಹೋದ ದಿನದಿಂದ ಸ್ವಿಚ್ ಆಫ್.

ಹಾಗಾದರೆ ಅಲ್ಲಿನ ನಂಬರಿನಿಂದ ಇಷ್ಟು ದಿನ ನಮಗೆ ಉತ್ತರ ಕೊಟ್ಟವರು ಯಾರು? "ತಲುಪಿದ್ರಾ?" ಅಂದರೆ ಒಂದು ಹೆಬ್ಬೆರಳಿನ ಚಿತ್ರ. "ಬಾಯ್ಲರ್ ಕೆಲಸ ಶುರುವಾಯ್ತಾ?" ಅಂದರೂ ಅದೇ ಹೆಬ್ಬೆರಳು. ನಿಮ್ಮಣ್ಣ ಯಾವತ್ತು ತಾನೇ ಎರಡು ಮಾತು ಬರೆದವರು! ಅವರೇ ಅಂದುಕೊಂಡೆವು. ಅತ್ತೆ ನೆಮ್ಮದಿಯಾಗಿ ನಿದ್ದೆ ಮಾಡಿದರು.

ರೀಚಾರ್ಜ್ ಮಾಡದೆ ಬಿಟ್ಟರೆ ಆ ನಂಬರನ್ನು ಕಂಪನಿಯವರು ಬೇರೆ ಯಾರಿಗೋ ಕೊಟ್ಟುಬಿಡುತ್ತಾರಂತೆ. ಮಾಡಿಸು ಅಂತ ನಿನಗೆ ಎಷ್ಟು ಸಲ ಬಡಕೊಂಡೆ. ಇರಲಿ, ಈಗ ಬೈಯುವುದಕ್ಕೂ ಹೊತ್ತಿಲ್ಲ.

ಅವರನ್ನು ಕಳಿಸಿದ ಏಜೆಂಟು ಫೋನ್ ಎತ್ತುತ್ತಿಲ್ಲ. ಅವನ ಆಫೀಸಿಗೆ ಹೊರಟಿದ್ದೇನೆ, ಬಾಗಿಲು ತೆಗೆಯುವವರೆಗೂ ಮೆಟ್ಟಿಲ ಮೇಲೆ ಕೂರುತ್ತೇನೆ. ಆ ದೇಶದಲ್ಲಿ ಬೆಳಗಾದ ಮೇಲೆ ನೀನು ಅಲ್ಲಿನ ಕಾರ್ಖಾನೆಗೆ ಫೋನ್ ಮಾಡಿ, ಅಣ್ಣ ಕೆಲಸಕ್ಕೆ ಬಂದು ಸೇರಿದ್ದಾನಾ ಅಂತ ಕೇಳು. ಅತ್ತೆಗೆ ತಿಂಡಿ ಆದ ಮೇಲೆ ಬಿಪಿ ಮಾತ್ರೆ ಕೊಡು. ಅವರ ಫೋನನ್ನು ಎಲ್ಲಾದರೂ ಬಚ್ಚಿಡು, ರಿಪೇರಿಗೆ ಕೊಟ್ಟಿದೆ ಅನ್ನು. ಆ ನಂಬರಿಗೆ ಇನ್ನು ಯಾರೂ ಏನೂ ಬರೆಯಬೇಡಿ.

ಈಗ ಚಪ್ಪಲಿ ಮೆಟ್ಟುವ ಮೊದಲು ನಾನೇ "ನೀವು ಯಾರು?" ಅಂತ ಬರೆದು ನೋಡಿದೆ.

ಅದಕ್ಕೂ ಹೆಬ್ಬೆರಳೇ ಬಂತು.

ಅತ್ತಿಗೆ