ನಲವತ್ತಲ್ಲ, ನೂರಿಪ್ಪತ್ತು

ವರ್ಮಾಂಟ್, ಸೆಪ್ಟೆಂಬರ್

ಕೃಷಿ ಅಧಿಕಾರಿಗಳಿಗೆ,

ಊರವರಿಗೇ ಮಾರುವ ತೋಟಗಳು ನಲವತ್ತೇ ಎಂದು ಹೇಳಿ ಮಾರ್ಚ್‌ನಲ್ಲಿ ನೀವು ನಮ್ಮ ಸಂತೆ ಮೈದಾನವನ್ನು ಕಾರು ನಿಲ್ಲಿಸಲು ಕೊಟ್ಟಿರಿ. ರಸ್ತೆ ಬದಿಯ ತರಕಾರಿ ಮೇಜಿನ ಬಳಿ ಜನ ಕಾಣದಿದ್ದರೆ ಆ ತೋಟವನ್ನು ನಿಮ್ಮವರು ಎಣಿಸಲೇ ಇಲ್ಲ. ಇಲ್ಲಿ ಗಿರಾಕಿಯೇ ಡಬ್ಬಿಗೆ ದುಡ್ಡು ಹಾಕಿ ಟೊಮೆಟೊ ಒಯ್ಯುತ್ತಾನೆ.

"ನಾನು ಮೇಜು ಕಾಯ್ತಾ ಕೂತ್ರೆ ಹಸು ಕರೆಯೋಕೆ ಆಫೀಸರಪ್ಪ ಬರ್ತಾನಾ?" ಎಂದು ಪಕ್ಕದ ತೋಟದ ಹೇಜಲ್ ಥಿಬೊ ನಕ್ಕಳು.

ನಿಮ್ಮ ಪಟ್ಟಿ ನೋಡದೆ ನಾವೇ ಹುಡುಕಿ ಅರವತ್ತು ತೋಟ ಕಂಡೆವು. ಅವುಗಳಲ್ಲಿ ನಿಮ್ಮ ಪಟ್ಟಿಯಲ್ಲಿದ್ದವು ಇಪ್ಪತ್ತೇ. ಅಂದರೆ ನಿಮ್ಮ ಕಣ್ಣಿಗೆ ಬೀಳುವುದು ಮೂರರಲ್ಲಿ ಒಂದು. ನೀವು ಕಂಡ ನಲವತ್ತು ಮೂರನೇ ಒಂದು ಪಾಲಾದರೆ ಒಟ್ಟು ತೋಟಗಳು ಸುಮಾರು ನೂರಿಪ್ಪತ್ತು. ನಿನ್ನೆಯ ಸಭೆಯಲ್ಲಿ ನಿಮ್ಮ ಸಂಖ್ಯಾಶಾಸ್ತ್ರಜ್ಞರೇ ಇದನ್ನು ಒಪ್ಪಿದರು. ಮೈದಾನ ನಮಗೆ ಮರಳಿತು!

ಹಿಂದೆ ಹಾಲು ಹಾಕುವವರನ್ನೂ ಹೀಗೇ ಕಡಿಮೆ ಎಣಿಸಿ ನಮ್ಮ ಡೇರಿ ಮುಚ್ಚಿಸಿದ್ದು ಮರೆತಿಲ್ಲ. ಶನಿವಾರ ಸಂತೆಗೆ ಬಂದು, ಉಳಿದ ಎಂಬತ್ತು ತೋಟದವರು ನಿಮಗೇಕೆ ಕಾಣಲಿಲ್ಲವೆಂದು ಅವರೆದುರೇ ಹೇಳಿ.

ಲಾಯ್ಡ್ ಪೆಲ್ಕಿ