ಕ್ಯೋಟೋದಲ್ಲಿ ಮೇಲಿನ ಬೆಡ್

ಚಿಂತಾಮಣಿ
1 ಮಾರ್ಚ್ 2026, ಭಾನುವಾರ

ಪ್ರೀತಿಯ ಯಶೂಗೆ,

ಈ ಕಾಗದ ಬರೆಯುತ್ತಿರುವುದಕ್ಕೇ ಮೊದಲು ಕ್ಷಮಿಸಿಬಿಡು ಕಣೇ. ಫೋನ್ ಪಕ್ಕದಲ್ಲೇ ಇದೆ, ಅದರಲ್ಲಿ ನಿನ್ನ ನಾಲ್ಕು ಮಿಸ್ಡ್ ಕಾಲ್ ಇವೆ. ಹೀಗಿರುವಾಗ ಚಿಂತಾಮಣಿಯಿಂದ ಚಿಕ್ಕಬಳ್ಳಾಪುರಕ್ಕೆ ಅಂಚೆಯಲ್ಲಿ ಕಾಗದ ಹಾಕುವವಳನ್ನು ಕಂಡರೆ ಯಾರಿಗಾದರೂ ನಗು ಬರುತ್ತದೆ. ರೂಮ್‌ಮೇಟ್ ಕೇಳಿಯೇಬಿಟ್ಟಳು, "ಏನಮ್ಮಾ, ಲವ್ ಲೆಟರ್ರಾ?" ಎಂದು. ಅಲ್ಲ, ಇವತ್ತು ಭಾನುವಾರ ಎಂದೆ. ಅವಳಿಗೆ ಅರ್ಥವಾಗಲಿಲ್ಲ.

ನಿನಗೆ ಆಗುತ್ತದೆ. ಶಿಡ್ಲಘಟ್ಟದ ಹಾಸ್ಟೆಲಿನಲ್ಲಿ ಐದು ವರ್ಷ, ಪ್ರತಿ ಭಾನುವಾರ ಉಪ್ಪಿಟ್ಟು ತಿಂದು ಕೈ ತೊಳೆದ ಕೂಡಲೇ ಮನೆಗೆ ಕಾಗದ ಬರೆಯಲು ಕೂರುತ್ತಿದ್ದೆವಲ್ಲ. ವಾರ್ಡನ್ ಶೈಲಜಾ ಮೇಡಂ ಒಂದೊಂದನ್ನೂ ಓದಿ, ಕೆಂಪು ಇಂಕಿನಲ್ಲಿ 'ನೋಡಿದೆ' ಎಂದು ಬರೆದ ಮೇಲೆಯೇ ಅದು ಪೋಸ್ಟ್ ಡಬ್ಬಕ್ಕೆ. ಪಾಪ, ಮೇಡಂ ಸಹಿಯವರೆಗೆ ಮಾತ್ರ ಓದುತ್ತಿದ್ದರು. ಅದಕ್ಕೇ ನಲವತ್ತು ಹುಡುಗಿಯರೂ ಸಹಿಯ ಮೇಲೆ 'ನಾನು ಕ್ಷೇಮ, ಊಟ ಚೆನ್ನಾಗಿದೆ' ಎಂದು ಬರೆದು, ಹೊಟ್ಟೆನೋವು, ಜಗಳ, ಅಳು ಎಲ್ಲವನ್ನೂ ಸಹಿಯ ಕೆಳಗೆ ಹಾಕುತ್ತಿದ್ದೆವು.

ನಾನು ಕ್ಷೇಮ. ಊಟ ಚೆನ್ನಾಗಿದೆ.

ಫೋನ್ ಎತ್ತದೆ ಇದ್ದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಎತ್ತಿದ್ದರೆ "ಪರವಾಗಿಲ್ಲ ಬಿಡೇ, ನೀನು ಹೋಗ್ಬಾ" ಎಂದು ಹೇಳಿ ಇಟ್ಟುಬಿಡುತ್ತಿದ್ದೆ. ಆ ಮಾತನ್ನು ಜನವರಿಯಿಂದ ಎಷ್ಟು ಸಲ ಹೇಳಿದ್ದೇನೆಂದರೆ, ಈಗ ಅದು ನನ್ನ ಬಾಯಿಂದ ರೆಕಾರ್ಡ್ ಹಾಕಿದ ಹಾಗೆ ಬರುತ್ತದೆ.

ಉಳಿಯುವ ಜಾಗಗಳದ್ದು ನೀನು ಕೇಳಿದ ಲಿಸ್ಟ್‌ಗೆ ಬರುತ್ತೇನೆ. ಜಪಾನಿಗೆ ಹೊರಟ ರೇಷ್ಮೆ ಕೃಷಿ ವಿದ್ಯಾರ್ಥಿಗಳ ತಂಡದ ಜೊತೆಗಿರುವ ಏಳು ದಿನ ನಿಮ್ಮಿಬ್ಬರ ವಾಸ, ಊಟ ಎಲ್ಲ ಅವರದೇ. ಚಿಂತೆ ಬೇಡ. ಆಮೇಲಿನ ನಾಲ್ಕು ರಾತ್ರಿ ಮಾತ್ರ ನಿಮ್ಮದು: ಮಾರ್ಚ್ 28, 29 ಕ್ಯೋಟೋ, 30, 31 ಒಸಾಕಾ. ಸಾಕುರಾ ಹೂ ಬಿಡುವ ವಾರ ಕಣೇ ಅದು, ಅದರಲ್ಲೂ 28 ಶನಿವಾರ. ಜಪಾನಿನಲ್ಲಿ ಶನಿವಾರ ಬಂತೆಂದರೆ ರೂಮಿನ ರೇಟ್ ಏರಿಬಿಡುತ್ತದೆ. ಇದಕ್ಕೆ ಅಲ್ಲಿಗೆ ಹೋಗಿ ನೋಡಬೇಕಾಗಿಲ್ಲ. ಸ್ಕಂದಗಿರಿ ಕೆಳಗೆ ಟೆಂಟ್ ಬಾಡಿಗೆಗೆ ಕೊಡುವ ನಮ್ಮ ನಲ್ಲಪ್ಪ ಮಾಮ ಮಂಗಳವಾರ ಒಂದು ರೇಟ್ ಹೇಳಿ ಶನಿವಾರ ಬೆಂಗಳೂರಿನವರನ್ನು ಕಂಡ ತಕ್ಷಣ ಇನ್ನೊಂದು ಹೇಳುವುದಿಲ್ಲವಾ? "ಚಳಿ ಜಾಸ್ತಿ ಸಾರ್, ಅದಕ್ಕೇ" ಅನ್ನುತ್ತಾನೆ, ಚಳಿಗೂ ಅವನೇ ಗುತ್ತಿಗೆದಾರ ಅನ್ನುವ ಹಾಗೆ.

ಒಸಾಕಾದಲ್ಲಿ ಹಾಗಲ್ಲ. ದೊಡ್ಡ ಸ್ಟೇಷನ್ನಿಂದ ಎರಡು ಮೂರು ಸ್ಟಾಪ್ ಆಚೆ ಹೋದರೆ ಹಳೆಯ ಸಣ್ಣ ಹೋಟೆಲುಗಳಿವೆ. ಚಾಪೆ ಹಾಸಿದ ನೆಲ, ಮಡಚಿಟ್ಟ ಹಾಸಿಗೆ, ಇಬ್ಬರಿಗೆ ಒಂದು ರೂಮು, ಸ್ನಾನಕ್ಕೆ ಕೆಳಗೆ ಹೋಗಬೇಕು. ಅದನ್ನು ಬುಕ್ ಮಾಡಿದ್ದೇನೆ, ದುಡ್ಡು ಅಲ್ಲಿಗೆ ಹೋದ ಮೇಲೆ ಕೊಟ್ಟರೆ ಸಾಕು. ಸ್ನಾನದ ಮನೆಯಲ್ಲಿ ಹೆಂಗಸರೆಲ್ಲ ಒಟ್ಟಿಗೇ ಬಟ್ಟೆ ಬಿಚ್ಚಿ ಸ್ನಾನ ಮಾಡುತ್ತಾರಂತೆ. ನಿನ್ನ ಜೊತೆ ಹೊರಟಿರುವ ತನುಜ ಅದನ್ನು ಕೇಳಿ "ಅಯ್ಯಯ್ಯೋ" ಎಂದಳೆಂದು ಬರೆದಿದ್ದೀಯ. ತೊಟ್ಟಿಯ ಸುತ್ತ ಆರು ಜನ ನಿಂತು, ಐದು ನಿಮಿಷದಲ್ಲಿ ತಲೆಗೂ ನೀರು ಹಾಕಿಕೊಂಡು, ಪ್ರೇಯರಿಗೆ ಓಡಿದವರು ನಾವು. ಅವಳು ಮನೆಯಿಂದ ಶಾಲೆಗೆ ಹೋದವಳು. ಅಭ್ಯಾಸವಿರುವುದಿಲ್ಲ.

ನಿಮ್ಮ ಮೇಷ್ಟ್ರು ಅಪ್ಪನಿಗೆ ಒಂದು ಮಾತು ಹೇಳು. ಕ್ಯೋಟೋದ ಬುದ್ಧ ದೇವಾಲಯದಲ್ಲೇ ಒಂದು ರಾತ್ರಿ ತಂಗಿ ಬಾರಮ್ಮ ಎಂದು ಬಯ್ಯಪ್ಪ ಮೇಷ್ಟ್ರು ಆಸೆಪಟ್ಟಿದ್ದಾರೆಂದೆಯಲ್ಲ. ತಂಗಬಹುದು, ಆದರೆ ಅದು ಕೈವಾರದ ಛತ್ರದ ಹಾಗೆ ಅಲ್ಲ. ಒಂದು ರಾತ್ರಿಗೆ ನಾಲ್ಕು ರಾತ್ರಿಯ ದುಡ್ಡಾಗುತ್ತದೆ. ಬೆಳಗ್ಗೆ ಆರಕ್ಕೆ ಹೋಗಿ ಪ್ರಾರ್ಥನೆಯಲ್ಲಿ ಕೂತು ಬಾ, ಅದಕ್ಕೆ ಏನೂ ಕೊಡಬೇಕಾಗಿಲ್ಲ. ಮೇಷ್ಟ್ರ ಹೆಸರಲ್ಲೂ ಒಂದು ನಿಮಿಷ ಕೂರು.

ಇದನ್ನೆಲ್ಲ ನಮ್ಮ ಲಾಂಗ್ ಬುಕ್ ನೋಡಿಯೇ ಬರೆಯುತ್ತಿದ್ದೇನೆ. ಏಳನೇ ಕ್ಲಾಸಿನಲ್ಲಿ ರೇಷ್ಮೆಗೂಡಿನ ಮಾರ್ಕೆಟ್ ನೋಡಲು ಬಂದಿದ್ದ ಜಪಾನ್ ಮೇಡಂ ನಮ್ಮ ಶಾಲೆಗೂ ಬಂದು, ಓದಿ ಮುಗಿಸಿದ ಪುಸ್ತಕವೊಂದನ್ನು ಲೈಬ್ರರಿಗೆ ಕೊಟ್ಟು ಹೋದರಲ್ಲ, ಕಡಿಮೆ ದುಡ್ಡಿನಲ್ಲಿ ಎಲ್ಲೆಲ್ಲಿ ಉಳಿಯಬಹುದು ಎಂಬ ಇಂಗ್ಲಿಷ್ ಪುಸ್ತಕ. ಅದರಿಂದ ಕಾಪಿ ಮಾಡಲು ಶುರು ಮಾಡಿದ್ದು. ಯಾರಾದರೂ ಕೇಳಿದರೆ ಹೇಳಲು ಇರಲಿ ಎಂದು ರಟ್ಟಿನ ಮೇಲೆ 'ಸಮಾಜ ವಿಜ್ಞಾನ ಪ್ರಾಜೆಕ್ಟ್' ಎಂದು ನೀನೇ ಬರೆದೆ. ಕ್ಯಾಪ್ಸೂಲ್ ಹೋಟೆಲ್ ಎಂದರೆ ಏನೆಂದು ಗೊತ್ತಾದ ದಿನ ನಿನ್ನ ನೀಲಿ ಗೀಟಿನ ಬೆಡ್‌ಶೀಟನ್ನು ನನ್ನ ಮಂಚದಿಂದ ಇಳಿಬಿಟ್ಟು, ಕೆಳಗಿನ ನಿನ್ನ ಮಂಚವನ್ನು ಕ್ಯಾಪ್ಸೂಲ್ ಮಾಡಿದ್ದೆವು. ಇಬ್ಬರೂ ಒಳಗೆ ಕೂತು ಬೆವರಿದೆವು. "ಟೋಕಿಯೋದಲ್ಲಿ ಇಷ್ಟು ಸೆಕೆ ಇರಲ್ಲ ಕಣೇ, ಏಸಿ ಇರ್ತದೆ" ಎಂದು ನೀನು ಗಂಭೀರವಾಗಿ ಹೇಳಿದೆ.

ಮೊನ್ನೆ ನಿನ್ನ ಸ್ಟೇಟಸ್ ನೋಡಿದೆ. ಎರಡು ಪಾಸ್‌ಪೋರ್ಟ್ ಅಕ್ಕಪಕ್ಕ ಇಟ್ಟ ಫೋಟೋ. ಕೆಳಗೆ ಹಾಸಿದ್ದು ಅದೇ ನೀಲಿ ಗೀಟಿನ ಬೆಡ್‌ಶೀಟ್. ಲೈಕ್ ಹಾಕಿದೆ.

ತನುಜ ಒಳ್ಳೆಯ ಹುಡುಗಿ ಇರಬಹುದು. ನನಗೆ ವಾಯ್ಸ್ ಮೆಸೇಜ್ ಕಳಿಸಿದ್ದಳು: "ಅಕ್ಕಾ, ಯಶು ಹೇಳಿದ್ಳು, ಜಪಾನ್ ಎಲ್ಲಾ ನಿಮಗೆ ಬಾಯಿಪಾಠ ಅಂತೆ! ನೀವ್ ಯಾವಾಗ ಹೋಗಿದ್ರಿ ಅಕ್ಕಾ?" ಅವಳೂ ಫಸ್ಟ್ ಇಯರ್, ನಾನೂ ಫಸ್ಟ್ ಇಯರ್. ನಾನು ಅವಳಿಗೆ ಯಾವ ಲೆಕ್ಕದಲ್ಲಿ ಅಕ್ಕ? ಆ ಮೆಸೇಜನ್ನು ಮೂರು ಸಲ ಕೇಳಿದೆ. 'ಇನ್ನೂ ಹೋಗಿಲ್ಲ' ಎಂದು ಟೈಪ್ ಮಾಡಿ, ಅಳಿಸಿ, ಒಂದು ನಗುವ ಮುಖ ಕಳಿಸಿದೆ.

ನನ್ನ ಜಾಗ ಅವಳಿಗೆ ಸಿಕ್ಕಿದ್ದು ಅವಳ ತಪ್ಪಲ್ಲ, ಗೊತ್ತು. ವೇಟಿಂಗ್ ಲಿಸ್ಟಿನಲ್ಲಿ ಅವಳೇ ಮೊದಲಿದ್ದಳು. ನಿನ್ನ ತಪ್ಪೂ ಅಲ್ಲ. ತಪ್ಪು ಯಾರದ್ದೆಂದು ಹುಡುಕುತ್ತಾ ಹೋದರೆ ಪಕ್ಕದ ಮನೆಯ ಆದಿಲಕ್ಷ್ಮಮ್ಮಜ್ಜಿಯ ಜಗಲಿಗೆ ಬಂದು ನಿಲ್ಲುತ್ತದೆ. ಪಾಸ್‌ಪೋರ್ಟ್ ವಿಚಾರಣೆಗೆ ಪೊಲೀಸಿನವರು ನಮ್ಮೂರು ಮಂಡಿಕಲ್‌ಗೆ ಬಂದ ದಿನ ಅಪ್ಪ ಅಮ್ಮ ಹಿಪ್ಪುನೇರಳೆ ತೋಟದಲ್ಲಿದ್ದರು. ಅಜ್ಜಿಯನ್ನು ಕೇಳಿದ್ದಾರೆ. "ಆ ಪಿಲ್ಲ ಇಲ್ಲೆಲ್ಲಿರ್ತದಪ್ಪಾ? ಆರನೇ ಕ್ಲಾಸಿಂದ ಹಾಸ್ಟೆಲ್ಲೇ ಅದರ ಮನೆ. ಹಬ್ಬಕ್ಕೆ ನೆಂಟರ ತರ ಬರ್ತದೆ, ಹೋಗ್ತದೆ" ಎಂದು ಅಜ್ಜಿ ಹೇಳಿದ್ದಾರೆ. ಪೊಲೀಸಿನವರು ಅದನ್ನೇ ಬರೆದುಕೊಂಡು ಹೋದರು: ಈ ವಿಳಾಸದಲ್ಲಿ ವಾಸವಿಲ್ಲ.

ಅಜ್ಜಿ ಸುಳ್ಳು ಹೇಳಲಿಲ್ಲ ಯಶೂ. ಅದೇ ನನಗೆ ತಡೆಯಲಾಗದ್ದು. ಮತ್ತೆ ಅರ್ಜಿ, ಮತ್ತೆ ವಿಚಾರಣೆ, ಅಷ್ಟರಲ್ಲಿ ತಂಡದವರು ಕೊಟ್ಟ ಜನವರಿಯ ತಾರೀಖು ದಾಟಿತು. ಪಾಸ್‌ಪೋರ್ಟ್ ಇನ್ನೂ ಬಂದಿಲ್ಲ. ಅಪ್ಪ ಸಮಾಧಾನ ಮಾಡಿದರು, "ಬಿಡಮ್ಮ, ಮುಂದಿನ್ ವರ್ಷ ಹೋಗಣ" ಎಂದು. ಹೋಗಣ ಅಂತೆ! ಕೋಲಾರ ದಾಟದ ನಮ್ಮಪ್ಪ ವೆಂಕಟರಾಮಪ್ಪನವರೂ ಜೊತೆಗೆ ಬರುವವರ ಹಾಗೆ. ನಗಬೇಕಿತ್ತು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಇರಲಿ, ಕ್ಯೋಟೋ ಒಂದು ಉಳಿಯಿತು. ಹೋದ ವಾರವೇ ಮೆಸೇಜಿನಲ್ಲಿ ಹೇಳಿದ್ದೆನಲ್ಲ, ಹೂವಿನ ಸೀಸನ್ ಆದ್ದರಿಂದ ಹೆಂಗಸರ ಹಾಸ್ಟೆಲಿನಲ್ಲಿ ಒಂದೇ ಬೆಡ್ ಸಿಕ್ಕಿದ್ದು. ಅದು ನಿನ್ನ ಹೆಸರಿನಲ್ಲಿದೆ. ತನುಜಾಗೆ ಸ್ಟೇಷನ್ ಹತ್ತಿರದ ಕ್ಯಾಪ್ಸೂಲ್ ಒಂದರ ಲಿಂಕ್ ಕಳಿಸಿದೆ, ಅವಳು ಬುಕ್ ಮಾಡಿಕೊಂಡು "ಥ್ಯಾಂಕ್ಯೂ ಅಕ್ಕಾ" ಎಂದು ಹೂವಿನ ಚಿತ್ರ ಹಾಕಿದ್ದಾಳೆ. ಒಂದರಿಂದ ಇನ್ನೊಂದಕ್ಕೆ ನಡೆದರೆ ಇಪ್ಪತ್ತೈದು ನಿಮಿಷ. ಎರಡು ರಾತ್ರಿ ತಾನೇ, ಹಗಲೆಲ್ಲ ಜೊತೆಗೇ ಇರುತ್ತೀರ.

ಚೆಕ್-ಇನ್ ಮೂರು ಗಂಟೆಯ ಮೇಲೆ. ಅದಕ್ಕೂ ಮೊದಲೇ ಹೋದರೆ ಬ್ಯಾಗ್ ಇಟ್ಟುಕೊಳ್ಳುತ್ತಾರೆ. ಚಪ್ಪಲಿ ಬಾಗಿಲಲ್ಲೇ ಬಿಡಬೇಕು, ಅದು ನಿನಗೆ ಹೇಳಿಕೊಡಬೇಕಿಲ್ಲ. ಪಾಸ್‌ಪೋರ್ಟ್ ತೋರಿಸಬೇಕು, ಬುಕಿಂಗ್‌ನಲ್ಲಿರುವ ಹೆಸರೂ ಅದರಲ್ಲಿರುವ ಹೆಸರೂ ಒಂದೇ ಇರಬೇಕು. ಮಲಗುವ ಮೊದಲು ನೀರಿನ ಬಾಟಲಿ ತುಂಬಿಸಿ ಇಟ್ಟುಕೋ, ನಿನಗೆ ಮಧ್ಯರಾತ್ರಿ ಬಾಯಾರುತ್ತದೆ. ಹಾಸ್ಟೆಲಿನ ಮೆಟ್ಟಿಲಿಳಿಯುವಾಗ ಹುಷಾರು.

ಮೇಷ್ಟ್ರಿಗೂ ಅಮ್ಮನಿಗೂ ನನ್ನ ನಮಸ್ಕಾರ. ಗೌರಿಬಿದನೂರಿನ ಮನೆಗೆ ಹೋದಾಗ ನಿಮ್ಮ ಅಮ್ಮನ ಕೈಯಲ್ಲಿ ಹುರಿಗಡಲೆ ಚಟ್ನಿಪುಡಿ ಮಾಡಿಸಿಕೊಂಡು ಹೋಗು, ಬರೀ ಅನ್ನ ಸಿಕ್ಕಿದರೂ ಬದುಕಿಕೊಳ್ಳುತ್ತೀರ.

ನಾನು ಚೆನ್ನಾಗಿದ್ದೇನೆ. ನಿಜವಾಗಿಯೂ ಖುಷಿಯಾಗಿದೆ ನನಗೆ.

ಎಂದೆಂದೂ ನಿನ್ನ,
ವರಲಕ್ಷ್ಮಿ

ಸಹಿಯ ಕೆಳಗೆ:

ಮೇಡಂ ಇಲ್ಲಿಯವರೆಗೆ ಓದಿ 'ನೋಡಿದೆ' ಎಂದು ಬರೆಯುತ್ತಿದ್ದರು. ಇನ್ನು ಮುಂದಿನದು ನೀನೊಬ್ಬಳೇ ಓದು.

ಆ ಕ್ಯಾಪ್ಸೂಲ್ ಗಂಡಸರಿಗೆ ಮಾತ್ರ. ನಿನ್ನೆ ಪೇಜಿನ ಕೊನೆಯವರೆಗೆ ಹೋದಾಗ ಸಣ್ಣ ಅಕ್ಷರದಲ್ಲಿ ಕಂಡಿತು. ಲಿಂಕ್ ಕಳಿಸುವಾಗ ನನಗೆ ಗೊತ್ತಿರಲಿಲ್ಲ ಎಂದು ಬರೆದು ಹೊಡೆದು ಹಾಕಿದ್ದೇನೆ, ಅದು ಪೂರ್ತಿ ನಿಜವಲ್ಲ. ಫೋಟೋಗಳಲ್ಲಿ ಇದ್ದವರೆಲ್ಲ ಗಂಡಸರೇ. ಒಂದು ಗಳಿಗೆ ಅನುಮಾನ ಬಂತು. ಕೆಳಗೆ ಓದದೆ ಮುಚ್ಚಿಬಿಟ್ಟೆ. ಅವಳು ನಿನ್ನ ಜೊತೆ ಮಲಗದಿದ್ದರೆ ಸಾಕು ಅನ್ನಿಸಿತ್ತು ಅಷ್ಟೇ. ಆಮೇಲೆ ಯೋಚಿಸಿದೆ, ಭಾಷೆ ಬಾರದ ಊರು, ಸೂಟ್‌ಕೇಸ್ ಹಿಡಿದು ಆ ಬಾಗಿಲಲ್ಲಿ ನಿಂತು ಅವರು "ನೋ" ಎಂದಾಗ ಅವಳು ಫೋನ್ ಮಾಡುವುದು ನನಗೇ, 'ಅಕ್ಕಾ' ಎಂದು. ಅದನ್ನು ಈ ಕಾಗದ ಸಿಕ್ಕಿದ ದಿನವೇ ಕ್ಯಾನ್ಸಲ್ ಮಾಡಲು ಹೇಳು.

ಹೆಂಗಸರ ಹಾಸ್ಟೆಲಿನಲ್ಲಿ ಒಂದಲ್ಲ, ಎರಡು ಬೆಡ್ ಇವೆ. ತಂಡದ ಲಿಸ್ಟಿನಲ್ಲಿ ನಮ್ಮಿಬ್ಬರ ಹೆಸರೂ ಬಂದ ದಿನ, ನವೆಂಬರಿನಲ್ಲೇ ಬುಕ್ ಮಾಡಿದ್ದು. ನಿನಗೆ ಹೇಳದೆ ಸರ್‌ಪ್ರೈಸ್ ಕೊಡೋಣ ಎಂದುಕೊಂಡಿದ್ದೆ. 'ನಾವು ಶಾಲೆಯಿಂದ ಸ್ನೇಹಿತರು, ಒಂದೇ ಮಂಚದ ಮೇಲೆ ಕೆಳಗೆ ಕೊಡಿ' ಎಂದೂ ಬರೆದಿದ್ದೆ. ಕೊಟ್ಟಿದ್ದಾರೆ. ಕೆಳಗಿನದು ಯಶೋಧರಾ, ಮೇಲಿನದು ವರಲಕ್ಷ್ಮಿ. ಜನವರಿಯಲ್ಲಿ ನನ್ನ ಹೆಸರು ತೆಗೆಯಬೇಕಿತ್ತು. ಎಷ್ಟೋ ಸಲ ತೆರೆದು ನೋಡಿ ಮುಚ್ಚಿದೆ. ಆ ಊರಿನಲ್ಲಿ ನನ್ನ ಹೆಸರು ಇರುವುದು ಅದೊಂದೇ ಜಾಗದಲ್ಲಿ. ಅಲ್ಲಿ ಯಾವ ಅಜ್ಜಿಯೂ ನಾನು ಅಲ್ಲಿರುವುದಿಲ್ಲ ಎಂದು ಹೇಳಿರಲಿಲ್ಲ.

ಇವತ್ತು ಬೆಳಗ್ಗೆ ಅವರ ಮೇಲ್ ಬಂತು. ನಿಮ್ಮಿಬ್ಬರಿಗಾಗಿ ಕಾಯುತ್ತಿದ್ದೇವೆ ಎಂದು ಬರೆದಿದ್ದಾರೆ. ಹೆಸರು ಬದಲಾಯಿಸುವುದಿದ್ದರೆ 14ನೇ ತಾರೀಖಿನೊಳಗೆ ತಿಳಿಸಬೇಕಂತೆ.

ತನುಜಾಳ ಪೂರ್ತಿ ಹೆಸರು, ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ, ಕಳಿಸು. ನಾನೇ ಬರೆಯುತ್ತೇನೆ. ಈ ಕಾಗದವನ್ನು ಅವಳಿಗೆ ತೋರಿಸುವುದೋ ಬಿಡುವುದೋ ನಿನಗೆ ಬಿಟ್ಟದ್ದು. ಬಯ್ಯುವುದಿದ್ದರೆ ಬಯ್ಯಿ, ಈ ಸಲ ಫೋನ್ ಎತ್ತುತ್ತೇನೆ. ಒಂದೇ ಮಾತು, ನಾವು ಮಾಡುತ್ತಿದ್ದೆವಲ್ಲ, ನಾನು ಮೇಲಿನಿಂದ ಕೈ ಇಳಿಬಿಡುವುದು, ನೀನು ಕೆಳಗಿನಿಂದ ಬೆರಳು ಎಳೆದು ಎಚ್ಚರವಾಗಿದ್ದೀನಿ ಅನ್ನುವುದು, ಅದನ್ನು ಅವಳಿಗೆ ಹೇಳಿಕೊಡಬೇಡ.

ಬೇಗ ಉತ್ತರ ಕೊಡು.